ಬಾವುಟ ಬದಲಾಗಲಿ, ಕೊಳಗ ಒಂದೇ ಇರಲಿ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗೆ ಪಕ್ಷಾಂತರ ಹೊಸದಲ್ಲ, ಚುನಾವಣೆಯ ಬೈಗುಳವೂ ಹೊಸದಲ್ಲ. ಇವೆರಡರ ನಡುವಿನ ನಂಟನ್ನು ಮಾತ್ರ ನಾವು ಸರಿಯಾಗಿ ನೋಡಿಲ್ಲ.

1998ರ ಲೋಕಸಭಾ ಚುನಾವಣೆಯಲ್ಲಿ ಶಿವಮೊಗ್ಗ ಕ್ಷೇತ್ರದಿಂದ ನಿಂತ ಬಿಜೆಪಿಯ ಆಯನೂರು ಮಂಜುನಾಥ್, ಅಲ್ಲಿಯವರೆಗೆ ‘ಸೋಲಿಲ್ಲದ ಸರದಾರ’ ಎಂದೇ ಹೆಸರಾಗಿದ್ದ ಎಸ್. ಬಂಗಾರಪ್ಪನವರನ್ನು ಸೋಲಿಸಿದರು. ಆರು ವರ್ಷ ಕಳೆದು 2004ರಲ್ಲಿ ಅದೇ ಇಬ್ಬರು ಅದೇ ಕ್ಷೇತ್ರದಲ್ಲಿ ಮತ್ತೆ ಎದುರಾದರು. ಈ ಸಲ ಕಮಲದ ಗುರುತು ಬಂಗಾರಪ್ಪನವರ ಕಡೆಗಿತ್ತು, ಆಯನೂರು ಕಾಂಗ್ರೆಸ್ಸಿನ ಹಸ್ತ ಹಿಡಿದಿದ್ದರು. ಸಾಗರದ ಪೇಟೆಯಲ್ಲೋ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲೋ ತೀರ್ಥಹಳ್ಳಿಯ ಸಂತೆಯಲ್ಲೋ ನಿಂತು ಭಾಷಣ ಕೇಳಿದ ಮತದಾರನನ್ನು ನೆನೆಸಿಕೊಳ್ಳಿ. ಆರು ವರ್ಷದ ಹಿಂದೆ ಕೇಳಿದ ಪಕ್ಷದ ಹೊಗಳಿಕೆ ಈಗ ಎದುರಾಳಿಯ ಬಾಯಲ್ಲಿ. ಅಂದಿನ ತೆಗಳಿಕೆ, ಅಂದು ಹೊಗಳಿದವರದೇ ಬಾಯಲ್ಲಿ. ಆ ಚುನಾವಣೆಯನ್ನು ಬಂಗಾರಪ್ಪ ಗೆದ್ದರು. ಮರುವರ್ಷವೇ ಬಿಜೆಪಿ ಬಿಟ್ಟು, ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ ನಿಂತು ಮತ್ತೆ ಗೆದ್ದರು.

ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. 1996ರಲ್ಲಿ ಕರ್ನಾಟಕ ಕಾಂಗ್ರೆಸ್ ಪಕ್ಷ, 1999ರಲ್ಲಿ ಕಾಂಗ್ರೆಸ್, 2004ರಲ್ಲಿ ಬಿಜೆಪಿ, 2005ರಲ್ಲಿ ಸಮಾಜವಾದಿ ಪಕ್ಷ: ಒಬ್ಬ ನಾಯಕನನ್ನು ಒಂದೇ ಕ್ಷೇತ್ರದ ಜನ ನಾಲ್ಕು ಗುರುತುಗಳ ಮೇಲೆ ನಾಲ್ಕು ಸಲ ದೆಹಲಿಗೆ ಕಳಿಸಿದರು. ಹಾಗಾಗಿ ಈ ಸೀಮೆಯ ಜನ ಪಕ್ಷಾಂತರ ಕಂಡು ಬೆಚ್ಚುತ್ತಾರೆ ಎನ್ನುವಂತಿಲ್ಲ. ಬಾವುಟಕ್ಕಿಂತ ಆಳವಾದ ಯಾವುದನ್ನೋ ನೋಡಿ ಅವರು ಮತ ಹಾಕುತ್ತಾರೆ. ಆ ‘ಯಾವುದೋ’ ಒಂದು ಕಾಲದಲ್ಲಿ ಸ್ಪಷ್ಟ ನಿಲುವಾಗಿತ್ತು. ಅದು ಮಸುಕಾದ ಜಾಗದಲ್ಲಿ ಈಗ ವೈಯಕ್ತಿಕ ನಿಂದನೆ ಬಂದು ಕೂತಿದೆ ಎಂಬುದು ಈ ಲೇಖನದ ಕಳವಳ.

ಕೊಳಗದಿಂದ ಹುಟ್ಟಿದ ನಿಲುವು

ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರ ಏಪ್ರಿಲ್ 18ರಂದು ಗೇಣಿದಾರರ ಸತ್ಯಾಗ್ರಹ ಶುರುವಾಯಿತು. ಅದರ ಮೂಲ ಒಂದು ಅಳತೆಯ ಪಾತ್ರೆ. ಗೇಣಿ ಭತ್ತ ಅಳೆದುಕೊಳ್ಳಲು ಒಡೆಯರು ಬಳಸುವ ಕೊಳಗ, ಊರ ಬಳಕೆಯ ಕೊಳಗಕ್ಕಿಂತ ದೊಡ್ಡದು ಎಂಬುದು ರೈತರ ದೂರು. ವರ್ಷವಿಡೀ ಗೆಯ್ದವನ ಅಂಗಳದಲ್ಲಿ ಉಳಿಯುವ ಭತ್ತ ಎಷ್ಟು ಎಂಬುದನ್ನು ಆ ಪಾತ್ರೆಯ ಗಾತ್ರವೇ ತೀರ್ಮಾನಿಸುತ್ತಿತ್ತು. ಗಣಪತಿಯಪ್ಪನವರು ಸಂಘಟಿಸಿದ ದೀವರ ಸಮುದಾಯದ ರೈತರ ಜೊತೆ ಸಮಾಜವಾದಿ ಪಕ್ಷ ನಿಂತಿತು. ಆ ವರ್ಷದ ಜೂನ್‌ನಲ್ಲಿ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರ ಬಂಧನ ಸಾಗರದ ರೈಲು ನಿಲ್ದಾಣದಲ್ಲೇ ಆಯಿತು.

ಮರುವರ್ಷ ಬಂದದ್ದು ಸ್ವತಂತ್ರ ಭಾರತದ ಮೊದಲ ಸಾರ್ವತ್ರಿಕ ಚುನಾವಣೆ. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು, ಆಗಿನ್ನೂ ಮೂವತ್ತು ತುಂಬದ ಯುವಕ, ಸಾಗರ–ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷಕ್ಕೆ ನಿಂತರು. ಎದುರಿಗೆ ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ್. ‘ಒಂದು ಓಟು, ಒಂದು ನೋಟು’ ಎಂಬುದು ಗೌಡರ ಕೋರಿಕೆ. ಮತದ ಜೊತೆಗೆ ಒಂದು ರೂಪಾಯಿಯನ್ನೂ ಕೊಡಿ ಎಂದು ಬಡವರನ್ನೇ ಕೇಳಿ ಅವರು ಗೆದ್ದರು. ಮತದಾರನೇ ಅಭ್ಯರ್ಥಿಗೆ ಹಣ ಕೊಟ್ಟರೆ ಅಲ್ಲೊಂದು ಸಂಬಂಧ ಹುಟ್ಟುತ್ತದೆ. ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕಿದೆ, ಪಡೆದವನಿಗೆ ಉತ್ತರ ಹೇಳುವ ಹೊಣೆಯಿದೆ.

ಹಾಗೆಂದು ಆ ಕಾಲವನ್ನು ಬರೀ ಚಿನ್ನದ ಕಾಲ ಎನ್ನಬೇಕಾಗಿಲ್ಲ. ಕಾಗೋಡಿನ ಭೂಮಾಲೀಕರಾಗಿದ್ದ ಕೆ.ಜಿ. ಒಡೆಯರ್ ಅವರೇ ಅದೇ 1952ರಲ್ಲಿ ಕಾಂಗ್ರೆಸ್ಸಿನಿಂದ ಶಿವಮೊಗ್ಗದ ಸಂಸದರಾದರು. 1957ರಲ್ಲಿ ಗೋಪಾಲಗೌಡರು ತೀರ್ಥಹಳ್ಳಿಯಲ್ಲಿ ಬದರಿನಾರಾಯಣ್ ಅವರಿಗೆ ಸೋತರು. ಜನ ಎರಡೂ ಕಡೆ ಇದ್ದರು. ಆದರೆ ಎರಡು ಕಡೆಗಳಿವೆ ಎಂಬುದು ಅವರಿಗೆ ಗೊತ್ತಿತ್ತು. ಉಳುವವನಿಗೆ ಭೂಮಿ ಸಿಗಬೇಕೋ ಬೇಡವೋ ಎಂಬ ಪ್ರಶ್ನೆಗೆ ಯಾವ ಅಭ್ಯರ್ಥಿಯ ಉತ್ತರ ಏನು ಎಂದು ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸಿಗೂ ತಿಳಿದಿತ್ತು.

ಇಲ್ಲೊಂದು ಸೂಕ್ಷ್ಮವಿದೆ. ಗೋಪಾಲಗೌಡರೂ ಒಂದೇ ಪಕ್ಷದ ಹೆಸರಿನಲ್ಲಿ ಉಳಿಯಲಿಲ್ಲ. ತೀರ್ಥಹಳ್ಳಿಯಿಂದ 1962ರಲ್ಲಿ ಗೆದ್ದಾಗ ಇದ್ದ ಪಕ್ಷದ ಹೆಸರು ಬೇರೆ, 1967ರಲ್ಲಿ ಗೆದ್ದದ್ದು ಸಂಯುಕ್ತ ಸಮಾಜವಾದಿ ಪಕ್ಷದಿಂದ. ಸಮಾಜವಾದಿಗಳು ಆ ವರ್ಷಗಳಲ್ಲಿ ಒಡೆಯುತ್ತ, ಕೂಡುತ್ತ ಇದ್ದರು. ಆದರೆ ಪಕ್ಷದ ಹೆಸರು ಬದಲಾದಾಗ ಗೇಣಿದಾರನ ಕುರಿತ ಅವರ ಮಾತು ಬದಲಾಗಲಿಲ್ಲ. 1972ರ ಜೂನ್ 9ರಂದು ತೀರಿಕೊಳ್ಳುವವರೆಗೂ ಅವರನ್ನು ಜನ ಗುರುತಿಸಿದ್ದು ಆ ಮಾತಿನಿಂದ. ಪಕ್ಷ ಬಿಡುವುದು ಬೇರೆ, ನಿಲುವು ಬಿಡುವುದು ಬೇರೆ ಎಂಬ ಪಾಠವನ್ನು ಈ ಸೀಮೆ ತನ್ನ ಅತ್ಯುತ್ತಮ ಮಗನಿಂದಲೇ ಕಲಿತಿದೆ.

ಗುರುತುಗಳು ಕದಲಿದ ದಾರಿ

ಗೌಡರ ಗರಡಿಯಿಂದ ಬಂದವರು 1972ರಲ್ಲಿ ಸಮಾಜವಾದಿಗಳಾಗಿಯೇ ಶಾಸನಸಭೆಗೆ ಹೋದರು. ಸೊರಬದಿಂದ ಬಂಗಾರಪ್ಪ, ಸಾಗರದಿಂದ ಕಾಗೋಡು ತಿಮ್ಮಪ್ಪ, ತೀರ್ಥಹಳ್ಳಿಯಿಂದ ಕೋಣಂದೂರು ಲಿಂಗಪ್ಪ. ಆದರೆ ಅವರ ಪಕ್ಷದ ಉಸಿರಾಗಿದ್ದ ಬೇಡಿಕೆಯನ್ನು ಈಡೇರಿಸಿದ್ದು ಎದುರು ಪಕ್ಷ. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಪದ್ಧತಿಯನ್ನೇ ತೊಡೆದು ಹಾಕಿತು. ಗೇಣಿದಾರ ಒಡೆಯನಾದ. ಸಮಾಜವಾದಿ ಕೇಳಿದ್ದನ್ನು ಕಾಂಗ್ರೆಸ್ ಕೊಟ್ಟ ಮೇಲೆ, ಇವರಲ್ಲಿ ಕೆಲವರು ಕಾಂಗ್ರೆಸ್ ಸೇರಿದ್ದನ್ನು ಬರೀ ಅವಕಾಶವಾದ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಅಲ್ಲಿ ಅವರಿಗೆ ಹೇಳಲು ಒಂದು ಕಾರಣವಿತ್ತು.

ಬಂಗಾರಪ್ಪನವರು ಆಮೇಲೆ ಎಷ್ಟೇ ಪಕ್ಷ ಸುತ್ತಿದರೂ ಜನ ಅವರ ಜೊತೆ ಹೋದದ್ದಕ್ಕೆ ಇದೇ ಕಾರಣ ಇರಬೇಕು. ಮುಖ್ಯಮಂತ್ರಿಯಾಗಿದ್ದ 1990–92ರ ಅವಧಿಯಲ್ಲಿ ರೈತರ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್, ಆಶ್ರಯ ಮನೆ, ಆರಾಧನಾ, ವಿಶ್ವ ಯೋಜನೆಗಳನ್ನು ಅವರು ತಂದಿದ್ದರು. ‘ಪಕ್ಷ ಯಾವುದಾದರೇನು, ನಮ್ಮವರು’ ಎಂಬ ಭಾವನೆಗೆ ನೆನಪಿನ ಬಲವಿತ್ತು. ಆದರೆ ಒಂದೊಂದು ಸಲ ಪಕ್ಷ ಬದಲಾದಾಗಲೂ ಆ ನೆನಪನ್ನೇ ಖರ್ಚು ಮಾಡಬೇಕಾಯಿತು. 2009ರಲ್ಲಿ ಕಾಂಗ್ರೆಸ್ಸಿಗೆ ಮರಳಿ ಬಂದು ನಿಂತಾಗ ಬಿಜೆಪಿಯ ಬಿ.ವೈ. ರಾಘವೇಂದ್ರ ಅವರಿಗೆ ಸೋತರು.

ಸಾಗರದ ಕತೆ ಇನ್ನೂ ಜಟಿಲ. ಕಾಗೋಡು ತಿಮ್ಮಪ್ಪನವರನ್ನು 2004ರಲ್ಲೂ 2008ರಲ್ಲೂ ಬಿಜೆಪಿಯಿಂದ ನಿಂತು ಸೋಲಿಸಿದವರು ಸಂಬಂಧದಲ್ಲಿ ಅಳಿಯನಾದ ಬೇಳೂರು ಗೋಪಾಲಕೃಷ್ಣ. 2013ರಲ್ಲಿ ಕಾಗೋಡು ಮರಳಿ ಗೆದ್ದು ವಿಧಾನಸಭಾಧ್ಯಕ್ಷರಾದರು, ಆಮೇಲೆ ಕಂದಾಯ ಸಚಿವರಾದರು. 2018ರಲ್ಲಿ ಬಿಜೆಪಿಯ ಟಿಕೆಟ್ ಹರತಾಳು ಹಾಲಪ್ಪನವರಿಗೆ ಸಿಕ್ಕಿತು, ಬೇಳೂರು ಕಾಂಗ್ರೆಸ್ ಸೇರಿದರು, ಹಾಲಪ್ಪ ಗೆದ್ದರು. 2023ರಲ್ಲಿ ಕಾಂಗ್ರೆಸ್ ಟಿಕೆಟ್ ಬೇಳೂರರಿಗೆ ಸಿಕ್ಕಿತು. ಅದೇ ಟಿಕೆಟ್ ಬಯಸಿದ್ದ ಕಾಗೋಡು ಅವರ ಮಗಳು ಬಿಜೆಪಿ ಸೇರಿದರು. ಬೇಳೂರು ಗೆದ್ದರು. ಒಂದೇ ಮನೆತನದ ಊಟದ ಪಂಕ್ತಿಯಲ್ಲಿ ಯಾರು ಯಾವ ಪಕ್ಷ ಎಂದು ಕೇಳಿಕೊಂಡು ಕೂರಬೇಕಾದ ಸ್ಥಿತಿ. ಪಕ್ಕದ ಸೊರಬದಲ್ಲಂತೂ ಬಂಗಾರಪ್ಪನವರ ಇಬ್ಬರು ಮಕ್ಕಳೇ ಚುನಾವಣೆಯಿಂದ ಚುನಾವಣೆಗೆ ಎದುರಾಳಿಗಳಾಗಿ ನಿಂತರು.

ಹೊಸನಗರದಲ್ಲಿ ಕದಲಿದ್ದು ಅಭ್ಯರ್ಥಿ ಮಾತ್ರವಲ್ಲ, ಕ್ಷೇತ್ರವೇ ಇಲ್ಲವಾಯಿತು. 1994ರಲ್ಲಿ ಆಯನೂರು ಮಂಜುನಾಥ್, 2004ರಲ್ಲಿ ಹಾಲಪ್ಪ ಗೆದ್ದ ಹೊಸನಗರ ವಿಧಾನಸಭಾ ಕ್ಷೇತ್ರ 2008ರ ಮರುವಿಂಗಡಣೆಯಲ್ಲಿ ಅಳಿಸಿಹೋಗಿ, ತಾಲ್ಲೂಕು ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳಿಗೆ ಹಂಚಿಹೋಯಿತು. ಹಾಲಪ್ಪ ಸೊರಬಕ್ಕೆ ಹೋದರು, ಅಲ್ಲಿಂದ ಹತ್ತು ವರ್ಷದ ಬಳಿಕ ಸಾಗರಕ್ಕೆ ಬಂದರು. ಶಾಸಕರಿಗೆ ಬೇರೆ ಕ್ಷೇತ್ರ ಸಿಗುತ್ತದೆ, ಮತದಾರ ಮಾತ್ರ ಊರು ಬಿಟ್ಟು ಹೋಗಲಾರ. ಶರಾವತಿಯ ಅಣೆಕಟ್ಟಿನ ನೀರಿಗೆ ಅತಿ ಹೆಚ್ಚು ನೆಲ ಕಳೆದುಕೊಂಡ ತಾಲ್ಲೂಕುಗಳಲ್ಲಿ ಒಂದಕ್ಕೆ ಇಂದು ತನ್ನದೇ ಹೆಸರಿನ ಶಾಸಕ ಇಲ್ಲ.

ತೀರ್ಥಹಳ್ಳಿ ಇದಕ್ಕೆಲ್ಲ ಅಪವಾದದಂತೆ ಕಾಣುತ್ತದೆ. ಸೋಲುಗಳ ಮೇಲೆ ಸೋಲು ಕಂಡರೂ ಬಿಜೆಪಿ ಬಿಡದೆ 1994ರಲ್ಲಿ ಮೊದಲ ಸಲ ಗೆದ್ದವರು ಆರಗ ಜ್ಞಾನೇಂದ್ರ. 2008 ಮತ್ತು 2013ರಲ್ಲಿ ಅವರನ್ನು ಸೋಲಿಸಿದ ಕಿಮ್ಮನೆ ರತ್ನಾಕರ್ ಕಾಂಗ್ರೆಸ್ಸಿನಲ್ಲೇ ಇದ್ದಾರೆ. ಆರ್.ಎಂ. ಮಂಜುನಾಥಗೌಡರು ಮಾತ್ರ 2013ರಲ್ಲಿ ಕೆಜೆಪಿ, 2018ರಲ್ಲಿ ಜೆಡಿಎಸ್, ಆಮೇಲೆ ಕಾಂಗ್ರೆಸ್ ಎಂದು ಸಾಗಿದರು. ಒಂದೇ ಪಕ್ಷದಲ್ಲಿ ಉಳಿಯುವುದು ಗೌರವದ ಮಾತು. ಆದರೆ ಬಾವುಟ ಬದಲಿಸದವರ ಕಣದಲ್ಲೂ ಬೈಗುಳ ಕಡಿಮೆಯಾಗಲಿಲ್ಲ. ಏಕೆ ಎಂಬುದನ್ನು ನೋಡಬೇಕಾದರೆ ನಿಲುವಿನ ಕಡೆಗೆ ತಿರುಗಬೇಕು.

ಎಲ್ಲರೂ ಒಂದೇ ಮಾತು ಆಡಿದರೆ

ಅಮೆರಿಕದ ಆಂತನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞ 1957ರಲ್ಲಿ ಒಂದು ವಾದ ಮುಂದಿಟ್ಟರು. ಗೆಲ್ಲಲೇಬೇಕೆಂದಿರುವ ಪಕ್ಷಗಳು ಹೆಚ್ಚು ಮತದಾರರಿರುವ ನಡುಜಾಗಕ್ಕೆ ಸರಿಯುತ್ತ ಬರುತ್ತವೆ, ಕೊನೆಗೆ ಒಂದನ್ನೊಂದು ಹೋಲುತ್ತವೆ ಎಂಬುದು ಅದರ ತಿರುಳು. ಸಂತೆಯಲ್ಲಿ ವ್ಯಾಪಾರಿಗಳೆಲ್ಲ ಜನ ಹೆಚ್ಚು ಓಡಾಡುವ ಮೂಲೆಗೇ ಅಂಗಡಿ ಹಾಕುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ಆ ಮೂಲೆ ಯಾವುದೆಂದು ಎಲ್ಲರಿಗೂ ಗೊತ್ತು: ಮುಳುಗಡೆ, ಬಗರ್‌ಹುಕುಂ, ಕಸ್ತೂರಿರಂಗನ್ ವರದಿ, ಅಡಿಕೆ.

ಮುಳುಗಡೆಯನ್ನೇ ನೋಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ನಾಡಿಗೆ ಬೆಳಕು ಬಂತು. ಮನೆ, ಗದ್ದೆ, ತೋಟ ಬಿಟ್ಟು ಎದ್ದ ಕುಟುಂಬಗಳನ್ನು ಲಾರಿಗಳಲ್ಲಿ ತಂದು ಕಾಡಿನ ಅಂಚಿನಲ್ಲಿ ಇಳಿಸಿದರು. ಆ ಜಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯ ಭೂಮಿಯನ್ನು ಬೇರೆ ಬಳಕೆಗೆ ಕೊಡಲು ಕೇಂದ್ರದ ಒಪ್ಪಿಗೆ ಕಡ್ಡಾಯವಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ, ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷಗಳ ನೆಲೆ ತೋರಿಸಬೇಕು. ಅರವತ್ತರ ದಶಕದಲ್ಲಿ ಸರ್ಕಾರವೇ ತಂದು ಕೂರಿಸಿದವರು ಆ ಜಾಗದಲ್ಲಿ 75 ವರ್ಷ ಎಲ್ಲಿಂದ ತೋರಿಸಿಯಾರು? ಕೇಂದ್ರದ ಅನುಮತಿಯಿಲ್ಲದೆ ರಾಜ್ಯ ಸರ್ಕಾರ ಅರಣ್ಯದ ಪಟ್ಟಿಯಿಂದ ಕೈಬಿಟ್ಟ ಭೂಮಿಯ ಆದೇಶ 2021ರಲ್ಲಿ ಹೈಕೋರ್ಟ್‌ನಲ್ಲಿ ನಿಲ್ಲಲಿಲ್ಲ. ಇದು ಕಗ್ಗಂಟು, ಬಿಡಿಸಲು ಕೇಂದ್ರ, ರಾಜ್ಯ ಎರಡೂ ಕೂತು ಕೆಲಸ ಮಾಡಬೇಕು.

ಆದರೆ ಚುನಾವಣೆಯಲ್ಲಿ ಕೇಳಿಬರುವುದು ಒಂದೇ ವಾಕ್ಯ: ‘ಹಕ್ಕುಪತ್ರ ಕೊಡಿಸುತ್ತೇವೆ.’ ರಾಜ್ಯದಲ್ಲಿ ಬಿಜೆಪಿ ಸರ್ಕಾರವಿದ್ದ 2022ರ ನವೆಂಬರ್ 28ರಂದು ಕಾಂಗ್ರೆಸ್ ಆಯನೂರಿನಿಂದ ಶಿವಮೊಗ್ಗದವರೆಗೆ ಮುಳುಗಡೆ ಸಂತ್ರಸ್ತರಿಗಾಗಿ ಪಾದಯಾತ್ರೆ ಮಾಡಿತು. ಸರ್ಕಾರ ಬದಲಾದ ಮೇಲೆ ಪ್ರತಿಭಟಿಸುವ ಸರದಿ ಬಿಜೆಪಿಯದಾಯಿತು. ವಿರೋಧದಲ್ಲಿದ್ದಾಗ ‘ನಾಳೆಯೇ ಕೊಡಿ’, ಅಧಿಕಾರದಲ್ಲಿದ್ದಾಗ ‘ಕಾನೂನು ತೊಡಕಿದೆ’. ಎರಡೂ ಮಾತು ಎಲ್ಲರ ಬಾಯಲ್ಲೂ ಇದೆ, ಯಾರು ಯಾವ ಬೆಂಚಿನಲ್ಲಿ ಕೂತಿದ್ದಾರೆ ಎಂಬುದರ ಮೇಲೆ ಅದು ನಿರ್ಧಾರವಾಗುತ್ತದೆ.

ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮಗೊಳಿಸುವ ಬಗರ್‌ಹುಕುಂ ಕೂಡ ಹಾಗೆಯೇ. ನಮೂನೆ 50 ಆಯಿತು, 53 ಆಯಿತು, 57 ಬಂತು. ಅರ್ಜಿ ಕೊಟ್ಟ ಅಪ್ಪ ಹೋಗಿ, ಮಗ ಅದೇ ಗದ್ದೆಯಲ್ಲಿ ನಿಂತು ಹೊಸ ನಮೂನೆ ತುಂಬಿದ. ಪಶ್ಚಿಮ ಘಟ್ಟದ ಕುರಿತ ಕಸ್ತೂರಿರಂಗನ್ ಸಮಿತಿಯ ವರದಿ 2013ರಲ್ಲಿ ಬಂತು, ಪರಿಸರ ಸೂಕ್ಷ್ಮ ಪ್ರದೇಶದ ಮೊದಲ ಕರಡು 2014ರ ಮಾರ್ಚ್‌ನಲ್ಲಿ, ಆರನೆಯದು 2024ರ ಜುಲೈ 31ರಂದು ಹೊರಬಿತ್ತು. ಕರಡುಗಳನ್ನು ಹೊರಡಿಸಿದ ಕೇಂದ್ರದಲ್ಲಿ ಎರಡೂ ಪಾಳಯಗಳ ಸರ್ಕಾರ ಇದ್ದವು, ತಿರಸ್ಕರಿಸಿದ ರಾಜ್ಯದಲ್ಲೂ ಎರಡೂ ಪಾಳಯಗಳ ಸರ್ಕಾರ ಇದ್ದವು. ಆದರೂ ಊರಿನ ಸಭೆಯಲ್ಲಿ ಪ್ರತಿಯೊಬ್ಬರೂ ಈ ವರದಿ ಎದುರಾಳಿಯ ಮನೆಯಿಂದ ಬಂದ ಮಾರಿ ಎನ್ನುತ್ತಾರೆ. ಆನೆ ಕಾರಿಡಾರು, ಗಣಿ, ಸೊಪ್ಪಿನ ಬೆಟ್ಟ, ಮನೆ ದುರಸ್ತಿ, ಯಾವುದಕ್ಕೆ ಏನು ನಿರ್ಬಂಧ ಎಂದು ಓದಿ ಹೇಳುವವರು ಕಾಣುವುದಿಲ್ಲ.

ಅಡಿಕೆಯಲ್ಲೂ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿ ಎರಡು ದಶಕ ಕಳೆದಿವೆ. 2022ರಲ್ಲಿ ಭೂತಾನ್‌ನಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ನಿರ್ಬಂಧವಿಲ್ಲದೆ ತರಲು ಕೇಂದ್ರ ಒಪ್ಪಿತು. 2023ರ ಫೆಬ್ರುವರಿಯಲ್ಲಿ, ವಿಧಾನಸಭೆ ಚುನಾವಣೆಗೆ ಮೂರು ತಿಂಗಳಿರುವಾಗ, ಆಮದು ಬೆಲೆಯನ್ನು ಕಿಲೋಗೆ 351 ರೂಪಾಯಿಗೆ ಏರಿಸಿತು. ಮೇ ತಿಂಗಳ ವೇದಿಕೆಗಳಲ್ಲಿ ಒಬ್ಬರು ಮೊದಲನೆಯದನ್ನು ಮಾತ್ರ ಹೇಳಿದರು, ಇನ್ನೊಬ್ಬರು ಎರಡನೆಯದನ್ನು ಮಾತ್ರ. ಎಲೆಚುಕ್ಕೆ ರೋಗಕ್ಕೆ ತೋಟ ಕಳೆದುಕೊಂಡವನು ಇಬ್ಬರ ನಡುವೆ ಮೌನವಾಗಿ ನಿಂತ.

ಮಾತು ಮನುಷ್ಯನ ಮೇಲೆ ಬಿದ್ದಾಗ

ಹೀಗೆ ಭರವಸೆಗಳೆಲ್ಲ ಒಂದೇ ಆದಾಗ, ಪಕ್ಷದ ಹೆಸರೂ ನೆಚ್ಚಿಕೊಳ್ಳುವಂತಿಲ್ಲದಾಗ, ಒಬ್ಬ ಅಭ್ಯರ್ಥಿ ಇನ್ನೊಬ್ಬನಿಂದ ತಾನು ಬೇರೆ ಎಂದು ತೋರಿಸುವುದು ಹೇಗೆ? ಉಳಿಯುವುದು ಒಂದೇ ದಾರಿ, ಎದುರಾಳಿ ಕೆಟ್ಟವನು ಎನ್ನುವುದು. ನಿಲುವು ತೆರವು ಮಾಡಿದ ಜಾಗಕ್ಕೆ ನಿಂದನೆ ಬರುತ್ತದೆ.

ಎರಡು ಘಟನೆಗಳು ಸಾಕು. 2022ರ ಫೆಬ್ರುವರಿಯಲ್ಲಿ ಸಾಗರದಲ್ಲಿ ಮರಳು ಸಾಗಣೆಯ ಕಮಿಷನ್ ಕುರಿತ ಆರೋಪ ಎದ್ದಿತು. ಆಗಿನ ಶಾಸಕ ಹಾಲಪ್ಪ, ಮಾಜಿ ಶಾಸಕ ಬೇಳೂರು ಇಬ್ಬರ ಜಗಳ ಕೊನೆಗೆ ಹೋಗಿ ನಿಂತದ್ದು ಧರ್ಮಸ್ಥಳದಲ್ಲಿ, ಆಣೆ ಪ್ರಮಾಣದ ಸವಾಲಿನಲ್ಲಿ. ಇದೇ ಜಿಲ್ಲೆಯ ಬಿ.ಎಸ್. ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿದ್ದ 2011ರ ಜೂನ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿಯವರಿಗೂ ಇಂಥದೇ ಸವಾಲು ಹಾಕಿದ್ದರು. ಧರ್ಮಸ್ಥಳದ ಮಂಜುನಾಥಸ್ವಾಮಿಯ ಮೇಲೆ ಮಲೆನಾಡಿಗೆ ಇರುವ ಭಕ್ತಿ ದೊಡ್ಡದು. ಸುಳ್ಳು ಆಣೆ ಹಾಕಿದರೆ ಮನೆ ಉಳಿಯದು ಎಂದು ನಂಬುವ ಜನ ನಾವು. ಆದರೆ ಮರಳಿನ ಲಾರಿಗೆ ಪರವಾನಗಿ ಚೀಟಿಯಿದೆ, ತೂಕದ ಲೆಕ್ಕವಿದೆ, ಗಣಿ ಇಲಾಖೆಯಿದೆ, ಲೋಕಾಯುಕ್ತವಿದೆ. ಕಡತದಲ್ಲಿ ತೀರಬೇಕಾದದ್ದನ್ನು ದೇವರ ಎದುರಿಗೆ ಒಯ್ದಾಗ, ಸತ್ಯ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಮತದಾರನ ಕೈಗೆ ಉಳಿಯುವುದು ಯಾರ ಆಣೆ ನಂಬಬೇಕು ಎಂಬ ಗೊಂದಲ.

ಎರಡನೆಯದು 2023ರ ಆಗಸ್ಟ್ ಮೊದಲ ವಾರದ್ದು, ಚುನಾವಣೆ ಮುಗಿದು ಮೂರೇ ತಿಂಗಳು. ಕಸ್ತೂರಿರಂಗನ್ ವರದಿ ಮತ್ತು ಅರಣ್ಯದ ಕುರಿತು ತೀರ್ಥಹಳ್ಳಿಯಲ್ಲಿ ನಡೆದ ಪ್ರತಿಭಟನೆಯಲ್ಲಿ ಶಾಸಕ ಆರಗ ಜ್ಞಾನೇಂದ್ರ, ಬೀದರಿನ ಅರಣ್ಯ ಸಚಿವ ಈಶ್ವರ ಖಂಡ್ರೆಯವರನ್ನು ಟೀಕಿಸುವ ಭರದಲ್ಲಿ ಕಲ್ಯಾಣ ಕರ್ನಾಟಕದವರ ಮೈಬಣ್ಣದ ಮಾತೆತ್ತಿ ಮಲ್ಲಿಕಾರ್ಜುನ ಖರ್ಗೆಯವರ ಹೆಸರು ಹೇಳಿದರು. ರಾಜ್ಯವೆಲ್ಲ ಕೆರಳಿತು, ಅವರು ವಿಷಾದ ವ್ಯಕ್ತಪಡಿಸಿದರು. ಆ ಮಾತು ತಪ್ಪು, ಅದಕ್ಕೆ ಆಗಲೇ ಸಾಕಷ್ಟು ಉತ್ತರ ಬಂದಿದೆ. ನನ್ನ ನೋವು ಇನ್ನೂ ಒಂದಿದೆ. ಅಂದು ಅಲ್ಲಿ ಸೇರಿದ್ದವರು ತಮ್ಮ ನೆಲದ ಭಯ ಹೇಳಿಕೊಳ್ಳಲು ಬಂದಿದ್ದ ಕೃಷಿಕರು. ಮರುದಿನದ ಯಾವ ಚರ್ಚೆಯಲ್ಲೂ ಅವರ ಕಾಡಿನಂಚಿನ ತೋಟದ ಸುದ್ದಿ ಇರಲಿಲ್ಲ. ಒಂದು ವೈಯಕ್ತಿಕ ಮಾತು ಇಡೀ ವಿಷಯವನ್ನು ನುಂಗಿ ಹಾಕಿತು. ನಿಂದನೆಯ ಪೆಟ್ಟು ಮೊದಲು ಬೀಳುವುದು ನಿಂದಿಸಿಕೊಂಡವರಿಗೆ. ಕೊನೆಗೆ ಬೀಳುವುದು ಅದನ್ನು ಕೇಳಿ ಚಪ್ಪಾಳೆ ತಟ್ಟಿದ ನಮಗೇ.

ಬೈಗುಳದಿಂದ ಮತ ಬರುತ್ತದೆಯೇ? ರಿಚರ್ಡ್ ಲಾ ಮತ್ತು ಸಂಗಡಿಗರು 2007ರಲ್ಲಿ, ಈ ಕುರಿತು ನಡೆದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ದಾಳಿಯ ಪ್ರಚಾರ ನೆನಪಿನಲ್ಲಿ ಹೆಚ್ಚು ಉಳಿಯುತ್ತದೆ, ಆದರೆ ಅದರಿಂದ ಮತ ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ, ವ್ಯವಸ್ಥೆಯ ಮೇಲಿನ ಜನರ ನಂಬಿಕೆ ಮಾತ್ರ ಸ್ವಲ್ಪ ಕುಸಿಯುತ್ತದೆ ಎಂಬುದು ಅವರು ಕಂಡದ್ದು. ಇದಕ್ಕೆ ಇನ್ನೊಂದು ಮುಖವೂ ಇದೆ. ಜಾನ್ ಗೀರ್ ಎಂಬ ವಿದ್ವಾಂಸ ಅಮೆರಿಕದ ಅಧ್ಯಕ್ಷೀಯ ಚುನಾವಣೆಗಳ ಜಾಹೀರಾತುಗಳನ್ನು ಪರಿಶೀಲಿಸಿ, ಹೊಗಳಿಕೆಯ ಜಾಹೀರಾತಿಗಿಂತ ಟೀಕೆಯ ಜಾಹೀರಾತಿನಲ್ಲೇ ವಿಷಯ ಮತ್ತು ಪುರಾವೆ ಹೆಚ್ಚು ಎಂದರು. ಟೀಕಿಸುವವನು ಆಧಾರ ಕೊಡಲೇಬೇಕಾಗುತ್ತದೆ. ಇದು ನಮಗೂ ಹೊಂದುವ ಮಾತು. ‘ಐದು ವರ್ಷದಲ್ಲಿ ನಮ್ಮ ಗ್ರಾಮದ ಒಂದೂ ಬಗರ್‌ಹುಕುಂ ಅರ್ಜಿ ಸಮಿತಿಯ ಮುಂದೆ ಬರಲಿಲ್ಲ’ ಎಂಬುದು ಕಟುವಾದರೂ ಬೇಕಾದ ಟೀಕೆ. ಎದುರಾಳಿಯ ಮನೆಯ ಒಳಗಿನ ಸಂಗತಿ, ಅವನ ಜಾತಿ, ಅವನ ಮೈಬಣ್ಣ, ಇವು ಟೀಕೆಯೇ ಅಲ್ಲ.

ಕಾನೂನಿನ ಬೇಲಿ ಎಲ್ಲಿಯವರೆಗೆ

ಈ ಗೆರೆಯನ್ನು ಚುನಾವಣಾ ಮಾದರಿ ನೀತಿಸಂಹಿತೆ ಸ್ಪಷ್ಟವಾಗಿ ಎಳೆದಿದೆ. 1960ರ ಕೇರಳ ಚುನಾವಣೆಯಲ್ಲಿ ಮೊಳೆತ ಈ ಸಂಹಿತೆ, ಟೀಕೆಯು ಪಕ್ಷದ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸಕ್ಕೆ ಸೀಮಿತವಾಗಿರಬೇಕು, ಖಾಸಗಿ ಬದುಕನ್ನು ಮುಟ್ಟಬಾರದು, ಪರಿಶೀಲಿಸದ ಆರೋಪ ಮಾಡಬಾರದು ಎನ್ನುತ್ತದೆ. ಆದರೆ ಅದು ಪಕ್ಷಗಳು ಒಪ್ಪಿಕೊಂಡ ನಡವಳಿಕೆ, ಶಾಸನವಲ್ಲ.

ಶಾಸನದ ಬಲವಿರುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಗೆ. ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯದ ಬಗ್ಗೆ, ಸುಳ್ಳೆಂದು ಗೊತ್ತಿದ್ದೂ, ಗೆಲುವಿಗೆ ಧಕ್ಕೆಯಾಗುವಂಥ ಹೇಳಿಕೆ ಕೊಡುವುದು ಅದರ 123(4)ನೇ ಕಲಮಿನಡಿ ಭ್ರಷ್ಟ ಆಚರಣೆ. ಸಾಬೀತಾದರೆ ಗೆಲುವೇ ರದ್ದಾಗುತ್ತದೆ. ಫಲಿತಾಂಶದ 45 ದಿನಗಳೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಕ್ರಿಮಿನಲ್ ಪ್ರಕರಣದಷ್ಟೇ ಬಿಗಿಯಾದ ಪುರಾವೆ ಬೇಕಾದ್ದರಿಂದ ಗೆಲ್ಲುವವರು ವಿರಳ. ಕರಪತ್ರದಲ್ಲಿ ಮುದ್ರಕ, ಪ್ರಕಾಶಕರ ಹೆಸರು ಇರಲೇಬೇಕು ಎನ್ನುವ 127ಎ ಕಲಮು ಉಲ್ಲಂಘಿಸಿದರೆ ಆರು ತಿಂಗಳವರೆಗೆ ಸಜೆ ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತದಾನದ ಹಿಂದಿನ ರಾತ್ರಿ ಬಾಗಿಲ ಸಂದಿಯಲ್ಲಿ ತುರುಕಿ ಹೋಗುವ ಹೆಸರಿಲ್ಲದ ಹಾಳೆ ಅದು ಹುಟ್ಟಿದ ಕ್ಷಣದಲ್ಲೇ ಅಪರಾಧ. ಈಗ ಆ ಹಾಳೆ ವಾಟ್ಸ್‌ಆ್ಯಪ್ ಆಗಿದೆ. ಮುದ್ರಕ ಯಾರೆಂದು ಕೇಳುವಂತಿಲ್ಲ, ಮತದಾನಕ್ಕೆ ಮೊದಲಿನ 48 ಗಂಟೆಗಳ ಮೌನವನ್ನು ಅದು ಲೆಕ್ಕಿಸುವುದಿಲ್ಲ.

ಪಕ್ಷಾಂತರದ ವಿಷಯದಲ್ಲಿ ಬೇಲಿ ಇನ್ನೂ ಸಡಿಲ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ ಗೆದ್ದವರನ್ನು ಮಾತ್ರ ಕಟ್ಟಿಹಾಕುತ್ತದೆ. ಟಿಕೆಟ್ ಸಿಗದೆ ನಾಮಪತ್ರದ ಹಿಂದಿನ ದಿನ ಪಕ್ಷ ಬಿಟ್ಟವನನ್ನು ಅದು ಕೇಳುವುದಿಲ್ಲ. ಗೆದ್ದವನೂ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬಂದರೆ ತಡೆಯುವುದಿಲ್ಲ. 2019ರಲ್ಲಿ ಅನರ್ಹಗೊಂಡ ಕರ್ನಾಟಕದ 17 ಶಾಸಕರ ಅನರ್ಹತೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಆದರೆ ಉಪಚುನಾವಣೆಯಲ್ಲಿ ನಿಲ್ಲಲು ಅವಕಾಶ ಕೊಟ್ಟಿತು. ಅಂದರೆ ಕಾನೂನು ಕೊನೆಗೆ ಕೈ ತೋರಿಸುವುದು ಮತದಾರನ ಕಡೆಗೇ.

ನಮ್ಮ ಕೈಯಲ್ಲಿರುವ ಅಳತೆ

ಹಾಗಾದರೆ ಅಳೆಯುವುದು ಹೇಗೆ? ಪಕ್ಷ ಬದಲಿಸಿದವರನ್ನೆಲ್ಲ ತಿರಸ್ಕರಿಸಿದರೆ ಗೋಪಾಲಗೌಡರನ್ನೂ ಬಿಡಬೇಕಾಗುತ್ತದೆ. ಬದಲಾವಣೆ ತಪ್ಪಲ್ಲ, ಲೆಕ್ಕ ಕೊಡದ ಬದಲಾವಣೆ ತಪ್ಪು. ಹಳೆಯ ಪಕ್ಷದಲ್ಲಿದ್ದಾಗ ಮುಳುಗಡೆಯವರ ಭೂಮಿಗೆ ನೀವು ಹೇಳಿದ ಪರಿಹಾರ ಏನಾಗಿತ್ತು, ಈಗ ಅದೇ ಮಾತೋ ಬೇರೆಯೋ, ಬೇರೆಯಾದರೆ ಮನಸ್ಸು ಬದಲಾಯಿಸಿದ ಸಂಗತಿ ಯಾವುದು ಎಂದು ಕೇಳಬಹುದು. ಟಿಕೆಟ್ ಎನ್ನುವುದನ್ನು ಬಿಟ್ಟು ಇನ್ನೊಂದು ಕಾರಣ ಹೇಳಬಲ್ಲವರು ಗೌರವಕ್ಕೆ ಅರ್ಹರು.

ಅಧಿಕಾರದಲ್ಲಿದ್ದವರಿಗೆ ಕೇಳುವುದು ಇನ್ನೂ ಸುಲಭ. ಬಗರ್‌ಹುಕುಂ ಸಮಿತಿ ಎಷ್ಟು ಸಭೆ ನಡೆಸಿತು, ಎಷ್ಟು ಸಾಗುವಳಿ ಚೀಟಿ ಕೊಟ್ಟಿತು ಎಂಬುದು ತಾಲ್ಲೂಕು ಕಚೇರಿಯ ಕಡತದಲ್ಲಿದೆ, ಮಾಹಿತಿ ಹಕ್ಕಿನ ಒಂದು ಅರ್ಜಿಗೆ ಸಿಗುತ್ತದೆ. ಶಾಸಕ ಸದನದಲ್ಲಿ ಯಾವ ಪ್ರಶ್ನೆ ಕೇಳಿದ ಎಂಬುದು ವಿಧಾನಸಭೆಯ ನಡಾವಳಿಯಲ್ಲಿದೆ. ಅಭ್ಯರ್ಥಿಯ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳು ನಾಮಪತ್ರದ ಪ್ರಮಾಣಪತ್ರದಲ್ಲೇ ಇವೆ. ಸುಪ್ರೀಂ ಕೋರ್ಟಿನ ತೀರ್ಪುಗಳ ಫಲವಾಗಿ ನಮಗೆ ದಕ್ಕಿದ ಹಕ್ಕು ಅದು. ವೇದಿಕೆಯ ಮೇಲೆ ಆರೋಪ ಬಂದಾಗ ‘ಕಾಗದ ಎಲ್ಲಿ?’ ಎಂದು ಒಬ್ಬರು ಎದ್ದು ಕೇಳಿದರೆ ಅರ್ಧ ನಿಂದನೆ ಅಲ್ಲೇ ಒಣಗುತ್ತದೆ.

ಇದು ಆಗದ ಮಾತಲ್ಲ. ಓದು ಬರಹ ಇಲ್ಲದ ಕಾಗೋಡಿನ ರೈತ ಎಪ್ಪತ್ತು ವರ್ಷದ ಹಿಂದೆ ಮಾಡಿದ್ದು ಇದನ್ನೇ. ಅಂಗಳದಲ್ಲಿ ಎದುರಿಗಿದ್ದ ಕೊಳಗವನ್ನು ನೋಡಿ, ಇದು ಬಳಕೆಯ ಕೊಳಗ ಅಲ್ಲ ಎಂದ. ಒಡೆಯನನ್ನು ಬೈಯಲು ಹೋಗದೆ ಪಾತ್ರೆಯ ಕಡೆಗೆ ಬೆರಳು ತೋರಿಸಿದ. ಆ ಬೆರಳಿನಿಂದ ಒಂದು ಚಳವಳಿ ಹುಟ್ಟಿ, ಒಂದು ಕಾಯ್ದೆ ಬಂದು, ಇಂದು ನಮ್ಮಲ್ಲಿ ಅನೇಕರು ಉಣ್ಣುವ ಅನ್ನದ ಗದ್ದೆ ನಮ್ಮ ಹೆಸರಿಗೆ ಬಂದಿದೆ.

ಮುಂದಿನ ಚುನಾವಣೆಯಲ್ಲಿ ಮೈಕ್ ಕಟ್ಟಿದ ಜೀಪು ಮತ್ತೆ ಕೇರಿಗೆ ಬರುತ್ತದೆ. ಅದರ ಮೇಲಿನ ಬಾವುಟ ಹೋದ ಸಲದ್ದೇ ಇರಬಹುದು, ಬೇರೆಯೂ ಇರಬಹುದು. ವಿರೋಧದಲ್ಲಿದ್ದಾಗ ನಮಗೆ ಭರವಸೆ ಅಳೆದುಕೊಟ್ಟ ಕೊಳಗದಲ್ಲೇ ಅಧಿಕಾರದಲ್ಲಿದ್ದಾಗಲೂ ಕೆಲಸ ಅಳೆದಿರಾ ಎಂದು ಕೇಳಲು, ಅಂಗಳಕ್ಕೆ ಇಳಿದು ನಾಲ್ಕು ಹೆಜ್ಜೆ ನಡೆದರೆ ಸಾಕು.